ಗೆನಾವ್ ಸಾಹೇಬರ ಮಣ್ಣಿಗೆ ಹೋಗಿ ಬಂದದ್ದು

ಹರಿಹರ

ಮಣ್ಣಿಗೆ ಹೋಗುವುದಕ್ಕೂ ವೀಸಾ ಬೇಕಾಗುತ್ತದೆಂದು ನಾನು ಕನಸಿನಲ್ಲೂ ಎಣಿಸಿರಲಿಲ್ಲ. ನಮ್ಮ ಕಡೆ ಯಾರಾದರೂ ತೀರಿಕೊಂಡರೆ ಫೋನ್ ಬರುತ್ತದೆ. ಕೈಲಿದ್ದ ಕೆಲಸ ಬಿಟ್ಟು, ಒಂದು ಹಾರ ತಗೊಂಡು ಬಸ್ಸು ಹತ್ತುತ್ತೇವೆ. ಸಂಜೆಯೊಳಗೆ ಎಲ್ಲ ಮುಗಿದು, ಮನೆಗೆ ಬಂದು ತಲೆಗೆ ನೀರು ಹಾಕಿಕೊಂಡಿರುತ್ತೇವೆ. ಈ ಸಲ ತೀರಿಕೊಂಡವರು ಜರ್ಮನಿಯಲ್ಲಿದ್ದರು. ನಾನು ಬರುವತನಕ ಐದು ವಾರ ಕಾದರು, ಪುಣ್ಯಾತ್ಮರು.

ನಾನು ದಾವಣಗೆರೆಯ ಕರೂರು ಕೈಗಾರಿಕಾ ಪ್ರದೇಶದಲ್ಲಿ ಲೋಹ ಕಡೆಯುವ ನಾಲ್ಕು ಲೇತುಗಳ ಸಣ್ಣ ವರ್ಕ್‌ಶಾಪ್ ನಡೆಸುವವಳು. ಬೋರ್‌ವೆಲ್ ಪಂಪಿನ ಬುಷ್ಷು, ಹಿಟ್ಟಿನ ಗಿರಣಿಯ ಶಾಫ್ಟು, ಅಂಥವೇ ನನ್ನ ಕೆಲಸ. ಹೆಂಗಸು ಲೇತಿನ ಮುಂದೆ ನಿಂತರೆ ಜನ ಈಗಲೂ ಒಮ್ಮೆ ತಿರುಗಿ ನೋಡುತ್ತಾರೆ. ನೋಡಲಿ ಬಿಡಿ. ನನಗೆ ಲೇತ್ ಹಿಡಿಯಲು ಕಲಿಸಿದವರು ನಮ್ಮವ್ವನ ಅಣ್ಣ, ಹರಿಹರದ ಮಲ್ಲೇಶಪ್ಪ ಮಾವ. ಅಲ್ಲಿನ ಯಂತ್ರದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತರಾದವರು. ಆ ಮಾವನಿಗೆ ಕಲಿಸಿದವರು ಗೆನಾವ್ ಸಾಹೇಬರು.

ಸಾಹೇಬರು ಜರ್ಮನಿಯವರು. ಕಾಗದದ ಪಟ್ಟಿಯಲ್ಲಿ ಸಾಲಾಗಿ ತೂತು ಹೊಡೆದು, ಆ ಪಟ್ಟಿಯನ್ನು ಯಂತ್ರದೊಳಗೆ ಬಿಟ್ಟು, ಅದು ತಾನಾಗಿ ಕಬ್ಬಿಣ ಕೊರೆಯುವಂತೆ ಮಾಡಿದ ಮೊದಲಿಗರಲ್ಲಿ ಅವರೂ ಒಬ್ಬರು. ಕಂಪ್ಯೂಟರ್ ಎಂಬ ಪದ ನಮ್ಮೂರಿಗೆ ಬರುವ ಮುಂಚಿನ ಮಾತು. ಅಂಥ ಯಂತ್ರವೊಂದನ್ನು ಹರಿಹರದಲ್ಲಿ ನಿಲ್ಲಿಸಿ, ನಡೆಸುವುದನ್ನು ಕಲಿಸಲು ಎರಡು ವರ್ಷ ಇಲ್ಲಿದ್ದರು. "ಲೇತಿಗೆ ಓದಾಕೆ ಕಲಿಸಿದ ಮನುಷ್ಯ ಕಣವ್ವ," ಎನ್ನುವುದು ಮಾವನ ಮಾತು. ಆಯುಧಪೂಜೆಯ ದಿನ ಆ ಯಂತ್ರಕ್ಕೆ ಇದೇ ತೂತಿನ ಪಟ್ಟಿಯ ತೋರಣ ಕಟ್ಟಿ, ಸಾಹೇಬರ ಇಕ್ಕಳದಂಥ ಅಳತೆಗೋಲಿನ ಬಾಯಿಗೆ ಕುಂಕುಮ ಇಟ್ಟಿದ್ದರಂತೆ. ಸಾಹೇಬರು ಏನೂ ಅನ್ನಲಿಲ್ಲ, ಮಧ್ಯಾಹ್ನವೆಲ್ಲ ಕೂತು ಆ ಕುಂಕುಮವನ್ನು ಬ್ರಷ್ಷಿನಿಂದ ತೆಗೆದರಂತೆ.

ಹೆಸರು ತಿಳಿದ ಕಥೆಯನ್ನು ಮಾವ ನನಗೆ ನೂರು ಸಲವಾದರೂ ಹೇಳಿದ್ದಾರೆ. ಸಾಹೇಬರು ಬಂದ ಮೊದಲ ದಿನ ಗೇಟಿನ ಬಳಿ ಇದ್ದವರು ಮಾವ ಒಬ್ಬರೇ. ತಮಗೆ ಬರುತ್ತಿದ್ದ ನಾಲ್ಕು ಇಂಗ್ಲಿಷ್ ಪದ ಜೋಡಿಸಿ "ಯೂ ಜರ್ಮನ್ ಇಂಜಿನಿಯರ್?" ಎಂದು ಕೇಳಿದರು. ಆತ ತಲೆ ಆಡಿಸಿ "ಗೆನಾವ್" ಎಂದರು. ಮಾವ ಒಳಗೆ ಓಡಿ ಎಲ್ಲರಿಗೂ ಸಾರಿದರು: "ಬಂದ್ರಲೇ! ಗೆನಾವ್ ಅಂತ ಹೆಸ್ರು!"

ಆಫೀಸಿನವರ ಕಾಗದಪತ್ರದಲ್ಲಿ ಬೇರೆ ಏನಿತ್ತೋ, ಕೆಲಸಗಾರರಿಗೆ ಅದು ಯಾವತ್ತೂ ಕಂಡಿರಲಿಲ್ಲ. ಅವರ ಪಾಲಿಗೆ ಆತ ಗೆನಾವ್ ಸಾಹೇಬರು. ಸಾಹೇಬರು ಒಂದೊಂದು ಪೀಸನ್ನೂ ಕೈಗೆತ್ತಿಕೊಂಡು ಅಳೆಯುವರು. ಕೂದಲೆಳೆಯಷ್ಟು ಹೆಚ್ಚುಕಮ್ಮಿ ಇದ್ದರೂ ಮಾತಿಲ್ಲದೆ ಸ್ಕ್ರ್ಯಾಪ್ ಡಬ್ಬಿಗೆ, ಠಣ್. ಸರಿಯಿದ್ದರೆ "ಗೆನಾವ್" ಎಂದು ಮೇಜಿನ ಮೇಲಿಡುವರು. ತಮ್ಮ ಹೆಸರನ್ನೇ ಠಸ್ಸೆಯಂತೆ ಒತ್ತುತ್ತಿದ್ದಾರೆ ಎಂದುಕೊಂಡಿದ್ದರು ಎಲ್ಲ. ಅದೇ ಮಾತು ನನ್ನ ವರ್ಕ್‌ಶಾಪಿಗೂ ಬಂದಿದೆ. ಅಳತೆ ಸರಿ ಬಂದರೆ ನಮ್ಮ ಕೆಲಸಗಾರರು "ಗೆನಾವ್ ಪಾಸು" ಎನ್ನುತ್ತಾರೆ. ನಿಜಲಿಂಗಪ್ಪ ಬಡಾವಣೆಯ ನಮ್ಮ ಮನೆಯಲ್ಲಿ ರೊಟ್ಟಿ ದುಂಡಗೆ ಬಂದರೂ ಗೆನಾವ್ ಪಾಸೇ.

ವಾಪಸ್ ಹೋದ ಮೇಲೂ ಸಾಹೇಬರು ಹೊಸ ವರ್ಷಕ್ಕೆ ಮಾವನಿಗೆ ಕಾರ್ಡು ಕಳಿಸುತ್ತಿದ್ದರು. ಸಹಿಯ ಜಾಗದಲ್ಲಿ ಅಳತೆಗೋಲಿನ ಪುಟ್ಟ ಚಿತ್ರ, ಹಿಂದೆ ಬೀದಿ, ಮನೆ ನಂಬರು, ಊರು. ಮಾವ 'ಗೆನಾವ್ ಸಾಹೇಬ್' ಎಂದು ಇಂಗ್ಲಿಷ್ ಅಕ್ಷರದಲ್ಲಿ ಬರೆದು ಉತ್ತರ ಹಾಕುತ್ತಿದ್ದರು. ಈ ವರ್ಷ ಕಾರ್ಡಿನ ಬದಲು ಮಗಳ ಕಾಗದ ಬಂತು. ಅಪ್ಪ ತೀರಿಕೊಂಡರು, ದಹನವಾಗಿದೆ, ಬೂದಿಯನ್ನು ಮಣ್ಣು ಮಾಡುವುದು ಇಂಥ ದಿನ, ನಿಮಗೆ ತಿಳಿದಿರಲಿ ಎಂದು ಬರೆಯುತ್ತಿದ್ದೇನೆ. ಕೆಳಗೆ ಉರ್ಸುಲಾ ಎಂಬ ಹೆಸರು, ಗಂಡನ ಮನೆಯ ಅಡ್ಡಹೆಸರು, ಫೋನ್ ನಂಬರು. ಆ ಮಣ್ಣಿನ ದಿನ ಬೀಳುವ ವಾರವೇ ನಾನು ಅದೇ ದೇಶಕ್ಕೆ, ಯಂತ್ರಗಳ ಪ್ರದರ್ಶನ ನೋಡಲು ಹೊರಡುವವಳಿದ್ದೆ. ವೀಸಾ ಆಗಲೇ ಕೈಲಿತ್ತು.

ನಾನು ಉರ್ಸುಲಾಗೆ ವಾಟ್ಸಾಪಿನಲ್ಲಿ ಕೇಳಿದೆ: ನೀವು ಗೆನಾವ್ ಸಾಹೇಬರ ಮಗಳಲ್ಲವೇ? ಉತ್ತರ ಬಂತು: "ಗೆನಾವ್!" ಪಕ್ಕದಲ್ಲಿ ಒಂದು ನಗುವ ಮುಖ. ಮನೆತನದ ಹೆಸರು ಹೇಳಿಕೊಂಡು ಹೆಮ್ಮೆ ಪಡುತ್ತಿದ್ದಾಳೆ ಪಾಪ ಎಂದುಕೊಂಡೆ.

ಹರಿಹರದಲ್ಲಿ ಮೂರೇ ದಿನದಲ್ಲಿ ಫ್ಲೆಕ್ಸ್ ಎದ್ದಿತು. 'ಗೆನಾವ್ ಸಾಹೇಬರಿಗೆ ಭಾವಪೂರ್ಣ ಶ್ರದ್ಧಾಂಜಲಿ.' ನಡುವೆ ಸಾಹೇಬರ ಹಳೇ ಫೋಟೋ, ಸುತ್ತ ಹದಿನಾಲ್ಕು ಮಂದಿ ನಿವೃತ್ತರ ಫೋಟೋ. ಗೊತ್ತಿಲ್ಲದವರು ಹದಿನೈದೂ ಮಂದಿ ಒಟ್ಟಿಗೆ ಹೋದರೆಂದು ಹೌಹಾರಿದ್ದೂ ಉಂಟು. ಮಾವನಿಗೆ ಫ್ಲೆಕ್ಸ್ ಸಾಲಲಿಲ್ಲ. ದಿನಾ ಬಸ್ಸು ಹತ್ತಿ ಕರೂರಿಗೆ ಬಂದು, ನನ್ನ ಶಾಪಿನ ಮೂಲೆಯಲ್ಲಿ ಕೂತು, ಅಂಗೈ ಅಗಲದ ಉಕ್ಕಿನ ಫಲಕವೊಂದನ್ನು ಕೈಯಿಂದಲೇ ಕೆರೆದು ಕೆರೆದು ಕನ್ನಡಿ ಮಾಡಿದರು. ಎಂಬತ್ತೊಂದು ವರ್ಷದ ಕೈ. ನಡುವೆ ಅಕ್ಷರ ಕೊರೆದರು: ಗೆನಾವ್ ಸಾಹೇಬ್. ಕನ್ನಡದಲ್ಲೊಂದು ಸಾಲು, ಇಂಗ್ಲಿಷಿನಲ್ಲೊಂದು ಸಾಲು. ಕೆಳಗೆ 'ಹರಿಹರದ ಶಿಷ್ಯರು'.

"ಮಾವ, ಸಾಕು ಬಿಡ್ರಿ, ಗೋರಿ ಮೇಲೆ ಇಡೋದಕ್ಕೆ ಇಷ್ಟು ಯಾಕ?"

"ಗೋರಿ ಮೇಲೆ ಇಡೋದಕ್ಕೇ ಇಷ್ಟು," ಎಂದರು. "ಆತ ಈಗ ಎದ್ದು ಬಂದು ಅಳೆಯಂಗಿಲ್ಲ. ಅದಕ್ಕೇ ಹೆಚ್ಚು ಹೆದರಿಕಿ. ಇದನ್ನ ಅಲ್ಲಿ ಇಟ್ಟು, ಫೋನಿನಾಗೆ ತೋರ್ಸು ನಮಗೆ. ಅಷ್ಟು ಮಾಡವ್ವ ಗಂಗವ್ವ. ಇನ್ನೇನೂ ಬ್ಯಾಡ ನನಗೆ."

ವಿಮಾನ ನಿಲ್ದಾಣ

ಫಲಕವನ್ನು ದೊಡ್ಡ ಪೆಟ್ಟಿಗೆಗೆ ಹಾಕುವಂತಿಲ್ಲ ಎಂದು ಮಾವನ ಅಪ್ಪಣೆಯಾಗಿತ್ತು. "ಅಲ್ಲಿ ಎತ್ತಿ ಎತ್ತಿ ಒಗೀತಾರೆ, ಮೂಲೆ ಬಡಿತೈತೆ." ಹಾಗಾಗಿ ಅದು ನನ್ನ ಕೈಚೀಲದಲ್ಲಿ ಹಳೇ ಸೀರೆಯ ತುಂಡಿನೊಳಗೆ ಮಲಗಿತ್ತು. ಜೊತೆಗೆ ತುಕ್ಕು ಹಿಡಿಯದಂತೆ ಹಚ್ಚಲು ಒಂದು ಬಾಟಲಿ ಮಿಷನ್ ಎಣ್ಣೆ, ಒಂದು ಪ್ಯಾಕೆಟ್ ಖಾರ ಮಂಡಕ್ಕಿ, ಒಂದು ಪ್ಯಾಕೆಟ್ ಬಿಳಿ ಮಂಡಕ್ಕಿ.

ತಪಾಸಣೆಯ ಹುಡುಗಿ ಫಲಕವನ್ನು ಎತ್ತಿ, ಅದರ ತೂಕಕ್ಕೆ ಕೈ ಜಗ್ಗಿ, "ಏನ್ ಮೇಡಂ ಇದು?" ಎಂದಳು.

"ಶ್ರದ್ಧಾಂಜಲಿ."

ಅವಳು ಮೇಲಿನವರನ್ನು ಕರೆದಳು, ಅವರು ಇನ್ನೂ ಮೇಲಿನವರನ್ನು ಕರೆದರು. ಮೂವರೂ ಸೇರಿ ಅದರಲ್ಲಿ ತಮ್ಮ ಮುಖ ನೋಡಿಕೊಂಡರು. ಒಬ್ಬರು ಮೀಸೆಯನ್ನೂ ಸರಿಮಾಡಿಕೊಂಡರು. ಕೊನೆಗೆ ಫಲಕ ಬಿಟ್ಟು ಎಣ್ಣೆ ಕಸಿದುಕೊಂಡರು. ಮಂಡಕ್ಕಿಯ ಬಗ್ಗೆ ಯಾರದೂ ತಕರಾರಿರಲಿಲ್ಲ.

ರೈಲು

ಫ್ರಾಂಕ್‌ಫರ್ಟಿನಲ್ಲಿ ಇಳಿದು ರೈಲು ಹತ್ತಿದೆ. ಜರ್ಮನಿಯ ರೈಲೆಂದರೆ ನಿಮಿಷ ತಪ್ಪುವುದಿಲ್ಲವೆಂದು ಕೇಳಿದ್ದೆ. ನನ್ನದು ನಲವತ್ತು ನಿಮಿಷ ತಡ. ಹರಿಹರ ಸ್ಟೇಷನ್ನಿನಲ್ಲಿ ಆಗಿದ್ದರೆ ಜನ ಇಷ್ಟು ಹೊತ್ತಿಗೆ ಪಕ್ಕದವರ ಮಗಳ ಮದುವೆ ಮಾತುಕತೆಯವರೆಗೂ ಹೋಗಿರುತ್ತಿದ್ದರು. ಇಲ್ಲಿ ಎಲ್ಲ ಗಡಿಯಾರ ನೋಡುತ್ತಾ, ತಮ್ಮ ಮನೆಯಲ್ಲೇ ತಪ್ಪಾದಂತೆ ತಲೆತಗ್ಗಿಸಿ ನಿಂತಿದ್ದರು.

ಕೂತ ಮೇಲೆ ಶುರುವಾಯಿತು. ಹಿಂದಿನ ಸೀಟಿನವನು ಫೋನಿನಲ್ಲಿ ಮಾತಾಡುತ್ತಿದ್ದ. ಒಂದಕ್ಷರ ನನಗೆ ತಿಳಿಯುತ್ತಿರಲಿಲ್ಲ, ಆದರೆ ನಡುನಡುವೆ ಸ್ಪಷ್ಟವಾಗಿ: ಗೆನಾವ್. ಮತ್ತೆ ಗೆನಾವ್. ಆಚೆ ಕಿಟಕಿಯ ಬಳಿ ಇಬ್ಬರು ಕಾಲೇಜು ಹುಡುಗಿಯರು ತಲೆಗೆ ತಲೆ ಹಚ್ಚಿ ಮಾತಾಡುತ್ತಿದ್ದರು, ಅವರ ಬಾಯಲ್ಲೂ ಗೆನಾವ್, ಗೆನಾವ್. ಟಿಕೆಟ್ ನೋಡಲು ಬಂದವರಿಗೆ ನಾನು ಹೋಗಬೇಕಾದ ಊರಿನ ಹೆಸರು ಹೇಳಿದೆ. ಅವರು ನನ್ನನ್ನು ದಿಟ್ಟಿಸಿ, "ಗೆನಾವ್," ಎಂದು ಶುರುಮಾಡಿ ಮುಂದೆ ಏನೇನೋ ಹೇಳಿ ಹೋದರು. ನೋಡಿದ ತಕ್ಷಣ ಗುರುತು ಹಿಡಿದುಬಿಟ್ಟರಲ್ಲ, ಯಾರ ಮಣ್ಣಿಗೆ ಹೋಗುತ್ತಿದ್ದೇನೆಂದು!

ನಮ್ಮೂರಲ್ಲಿ ಸತ್ತವರ ಹೆಸರು ಹದಿನೈದು ದಿನ ಬಾಯಲ್ಲಿದ್ದರೆ ದೊಡ್ಡದು. ಇಲ್ಲಿ ಐದು ವಾರವಾದರೂ ರೈಲಿನ ಡಬ್ಬಿ ಪೂರ್ತಿ ಅವರದೇ ಮಾತು. ಒಬ್ಬ ಲೇತಿನವನಿಗೆ ಒಂದು ದೇಶ ಇಷ್ಟು ಗೌರವ ಕೊಡುತ್ತದೆಯೇ ಎಂದು ಬೆರಗಾದೆ. ತಡೆಯಲಾಗದೆ ಮಾವನಿಗೆ ಧ್ವನಿ ಸಂದೇಶ ಕಳಿಸಿದೆ. "ಮಾವ, ಇಲ್ಲಿ ಎಲ್ಲಾರ ಬಾಯಾಗೂ ಸಾಹೇಬ್ರ ಹೆಸರೇ. ಚಿಕ್ಕ ಹುಡುಗ್ಯಾರು ಸುದ್ದಾ ಅದನ್ನೇ ಮಾತಾಡಾಕತ್ಯಾರೆ. ಎಂಥಾ ದೊಡ್ಡ ಮನುಷ್ಯನ ಕೈಯಾಗೆ ಕಲ್ತೀರಿ ನೀವು!"

ಹತ್ತು ನಿಮಿಷದಲ್ಲಿ ಮಾವನ ಉತ್ತರ ಬಂತು. ಮೊದಲು ಬರೀ ಮೂಗು ಸೇದುವ ಸದ್ದು. ಆಮೇಲೆ, "ನಾನು ಅವತ್ತೇ ಹೇಳಿದ್ನಲ್ಲವ್ವ. ಎಲ್ಲಾರ್ಗೂ ಕೇಳ್ಸಿದೆ ನಿನ್ನ ಮಾತು. ನಮ್ಮ ಜೋಡಿ ಕೆಲ್ಸ ಮಾಡಿದ ಬಸಣ್ಣ ಅಳಾಕತ್ಯಾನೆ." ನಿವೃತ್ತರ ಬಳಗದ ವಾಟ್ಸಾಪಿನಲ್ಲಿ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಿದ್ದವು.

ನನ್ನ ಎದುರಿಗೆ ಕಾಲುಚೀಲ ಹೆಣೆಯುತ್ತಾ ಒಬ್ಬ ಅಜ್ಜಿ ಕೂತಿದ್ದರು. ಅವರೂ ನನ್ನತ್ತ ನೋಡಿ ನಕ್ಕರು. ನಾನು ಇಂಗ್ಲಿಷಿನಲ್ಲಿ ಕೇಳಿದೆ: "ನಿಮಗೂ ಗೆನಾವ್ ಅವರ ಪರಿಚಯ ಇತ್ತೇ?" ಅಜ್ಜಿಗೆ ತಿಳಿಯಲಿಲ್ಲ. ನಾನು ಕೈಚೀಲ ಬಿಚ್ಚಿ ಫಲಕ ತೋರಿಸಿದೆ. ಅಕ್ಷರದ ಮೇಲೆ ಬೆರಳಿಟ್ಟು, ಕಣ್ಣು ಮುಚ್ಚಿ, ತಲೆ ವಾಲಿಸಿ, ಸತ್ತವರ ಅಭಿನಯವನ್ನೂ ಮಾಡಿದೆ. ಅಜ್ಜಿ ಗಾಬರಿಯಾದರು. ಆಮೇಲೆ ತಮ್ಮ ಫೋನ್ ತೆಗೆದು, ಅದರೊಳಗೆ ಏನೋ ಒತ್ತಿ, ನಾನು ಯಾವ ಭಾಷೆಯವಳೆಂದು ಕೇಳಿ, ಬಹಳ ಹೊತ್ತು ಹುಡುಕಿ, ಪರದೆಯನ್ನು ನನ್ನ ಮುಂದೆ ಹಿಡಿದರು. ಮೇಲೆ ಅವರ ಲಿಪಿಯಲ್ಲಿ 'ಗೆನಾವ್'. ಕೆಳಗೆ ದುಂಡಗಿನ ಕನ್ನಡದಲ್ಲಿ: 'ನಿಖರವಾಗಿ.'

ಪರದೇಶದ ರೈಲಿನಲ್ಲಿ ಕನ್ನಡ ಅಕ್ಷರ ಕಂಡರೆ ಯಾರಿಗಾದರೂ ಸಂತೋಷವಾಗಬೇಕು. ನಾನು ಮಾತ್ರ ಅದು ತಪ್ಪಿರಲಿ ಎಂದು ಬೇಡಿಕೊಂಡೆ. ಇನ್ನೊಮ್ಮೆ ಒತ್ತಿಸಿದೆ. 'ನಿಖರವಾಗಿ', 'ಸರಿಯಾಗಿ', 'ಹೌದು, ಅದೇ.' ಜರ್ಮನಿಯವರು ನಾವು 'ಹೌದೌದು' ಅನ್ನುವ ಕಡೆಯಲ್ಲೆಲ್ಲ ಅನ್ನುವ ಮಾತು.

ಅಂದರೆ "ಯೂ ಜರ್ಮನ್ ಇಂಜಿನಿಯರ್?" ಎಂದು ಮಾವ ಕೇಳಿದ್ದಾರೆ, ಆತ "ಹೌದೌದು" ಎಂದಿದ್ದಾರೆ. ನಾವು ಅರ್ಧ ಶತಮಾನ ಅವರನ್ನು ಹೌದೌದು ಸಾಹೇಬರೇ ಎಂದು ಕರೆದಿದ್ದೇವೆ. ನಾನು ಹೌದೌದು ಸಾಹೇಬರ ಗೋರಿಗೆ ಉಕ್ಕಿನ ಫಲಕ ಹೊತ್ತು ಹೊರಟಿದ್ದೇನೆ. ಹರಿಹರದಲ್ಲಿ ಆಳೆತ್ತರದ ಫ್ಲೆಕ್ಸ್ ನಿಂತಿದೆ. ಬಸಣ್ಣ ಅಳುತ್ತಿದ್ದಾರೆ!

ನನಗೆ ನಗು ಬರಬೇಕಿತ್ತು, ಬರಲಿಲ್ಲ. ಮಾವನ ಮೇಲೆ ಸಿಟ್ಟು ಬಂತು, ಆಮೇಲೆ ಮರುಕ ಬಂತು. ಮನೆಯಲ್ಲಿ ಉಪ್ಪಿಟ್ಟಿನ ರವೆ ಒಂದು ಹದ ತಪ್ಪಿದರೂ ತಟ್ಟೆ ಸರಿಸುವ ಮನುಷ್ಯ, ಗುರುವಿನ ಹೆಸರನ್ನೇ ತಪ್ಪಿಸಿ, ಅದನ್ನು ಕನ್ನಡಿಯಂಥ ಉಕ್ಕಿನ ಮೇಲೆ ಕೊರೆದು ಕಳಿಸಿದ್ದಾರೆ. ಇದು ಗೊತ್ತಾದರೆ ಆ ಜೀವ ತಡೆದೀತೇ? ಫಲಕವನ್ನು ವಿಮಾನದವರು ಕಿತ್ತುಕೊಂಡರೆಂದು ಹೇಳಿಬಿಡಲೇ ಎಂದು ಯೋಚಿಸಿದೆ. ಅಷ್ಟರಲ್ಲಿ ಆ ಟಿಕೆಟಿನವರು ಮತ್ತೆ ಬಂದು, ಈ ಸಲ ಇಂಗ್ಲಿಷಿನಲ್ಲಿ, ಈ ರೈಲು ಮುಂದಿನ ಸ್ಟೇಷನ್ನಿನಲ್ಲಿ ಎರಡಾಗಿ ಒಡೆಯುತ್ತದೆ, ನೀವು ಕೂತ ಅರ್ಧ ಬೇರೆ ಊರಿಗೆ ಹೋಗುತ್ತದೆ, ಮುಂದಿನ ಡಬ್ಬಿಗೆ ಹೋಗಿ ಎಂದರು. ಅದನ್ನೇ ಮೊದಲೂ ಹೇಳಿದ್ದರೋ ಏನೋ. ಪೆಟ್ಟಿಗೆ, ಚೀಲ, ಮಂಡಕ್ಕಿ ಎಲ್ಲ ಎಳೆದುಕೊಂಡು ಓಡಿದೆ.

ಮನೆ

ಊರು ಹರಿಹರಕ್ಕಿಂತ ಚಿಕ್ಕದು. ಅದರ ನಡುವೆಯೂ ಒಂದು ಹೊಳೆ ಇತ್ತು, ಆದರೆ ಒಬ್ಬರೂ ಬಟ್ಟೆ ಒಗೆಯುತ್ತಿರಲಿಲ್ಲ, ಒಂದು ಎಮ್ಮೆಯೂ ಮೈ ತೊಳೆದುಕೊಳ್ಳುತ್ತಿರಲಿಲ್ಲ. ಸುಮ್ಮನೆ ನೀರು. ಮಾವನ ಬಳಿಯಿದ್ದ ಕಾರ್ಡಿನ ವಿಳಾಸ ಹಿಡಿದು ಬೀದಿ ಹುಡುಕಿ ನಡೆದೆ. ಉರ್ಸುಲಾ ಸ್ಟೇಷನ್ನಿಗೆ ಬರುತ್ತೇನೆಂದಿದ್ದಳು, ನಾನೇ ಬೇಡವೆಂದಿದ್ದೆ. ಅವಳಿಗೆ ಏನು ಹೇಳಬೇಕೆಂದು ದಾರಿಯಲ್ಲಿ ಯೋಚಿಸಬೇಕಿತ್ತು. ಮೊದಲು ಕ್ಷಮೆ ಕೇಳುವುದು, ಆಮೇಲೆ ನಿಜವಾದ ಹೆಸರು ಕೇಳುವುದು, ಆಮೇಲೆ ಫಲಕವನ್ನು ತೋರಿಸದೆ ವಾಪಸ್ ಒಯ್ಯುವುದು. ಹೀಗೆ ಲೆಕ್ಕ ಹಾಕಿಕೊಂಡೆ.

ಮನೆಯ ಗೇಟಿಗೆ ಅಂಚೆಪೆಟ್ಟಿಗೆ ಇತ್ತು. ನಮ್ಮಲ್ಲಿ ಅಂಚೆಯವನಿಗೆ ಮನೆ ಗೊತ್ತಿರುತ್ತದೆ, ಮನೆಯವರ ಬೀಗರೂ ಗೊತ್ತಿರುತ್ತಾರೆ. ಇಲ್ಲಿ ಹಾಗಲ್ಲವಂತೆ. ಪೆಟ್ಟಿಗೆಯ ಮೇಲೆ ಇರುವ ಹೆಸರಿಗೆ ಮಾತ್ರ ಕಾಗದ, ಇಲ್ಲದ ಹೆಸರಿನದ್ದು ವಾಪಸ್. ಪೆಟ್ಟಿಗೆಯ ಮೇಲೆ ಎರಡು ಪುಟ್ಟ ಲೋಹದ ಪಟ್ಟಿಗಳಿದ್ದವು. ಮೇಲಿನದರಲ್ಲಿ ನನಗೆ ಓದಲು ಬಾರದ ಉದ್ದ ಹೆಸರು. ಕೆಳಗಿನದರಲ್ಲಿ ಐದೇ ಅಕ್ಷರ, ಮಾವ ಫಲಕದ ಮೇಲೆ ಕೊರೆದ ಅದೇ ಐದು ಇಂಗ್ಲಿಷ್ ಅಕ್ಷರ.

ಗೆನಾವ್.

ನಾನು ಗೇಟು ಹಿಡಿದುಕೊಂಡು ಅಲ್ಲೇ ನಿಂತುಬಿಟ್ಟೆ. ಬಾಗಿಲು ತೆರೆದ ಉರ್ಸುಲಾ, ಅರವತ್ತರ ಹತ್ತಿರದ ಎತ್ತರದ ಹೆಂಗಸು, ನಾನು ಎಲ್ಲಿ ನೋಡುತ್ತಿದ್ದೇನೆಂದು ನೋಡಿ, ಮೆಟ್ಟಿಲಿಳಿದು ಬಂದಳು.

"ನಿಮ್ಮ ಮಾವನ ಮೊದಲ ಕಾಗದ ವಾಪಸ್ ಹೋಗಿತ್ತು," ಎಂದಳು ಇಂಗ್ಲಿಷಿನಲ್ಲಿ. "ಎರಡನೆಯದನ್ನು ಅಂಚೆಯವಳು ವಿದೇಶದ ಸ್ಟಾಂಪ್ ನೋಡಿ ಬಾಗಿಲು ತಟ್ಟಿದಳು. ಗೆನಾವ್ ಎಂಬುವರಿಗೆ ಇಂಡಿಯಾದಿಂದ ಕಾಗದ ಬಂದಿದೆ, ಅದು ನೀವೇನಾ ಅಂತ. ಅಪ್ಪ 'ಗೆನಾವ್' ಎಂದರು."

ಹೇಳಿ ಅವಳೇ ನಕ್ಕಳು. "ಅದೇ ದಿನ ನೆಲಮಾಳಿಗೆಗೆ ಹೋಗಿ ಈ ಪಟ್ಟಿ ಕೊರೆದು ತಂದು ಹಾಕಿದರು. ಈ ಬೀದಿಯವರೆಲ್ಲ ನಮ್ಮ ಮನೆಗೆ ಗೆನಾವ್ ಎಂಬ ಬಾಡಿಗೆದಾರ ಬಂದಿದ್ದಾನೆ ಅಂದುಕೊಂಡಿದ್ದರು. ಬರೆದು ತಿಳಿಸಿಬಿಡು, ನಿನ್ನ ಹೆಸರು ಎರ್ವಿನ್ ಅಂತ, ಅಂತ ಅಮ್ಮ ಹೇಳುತ್ತಿದ್ದಳು. ಅಪ್ಪ ನೋಡೋಣ ಎನ್ನುತ್ತಿದ್ದರು. ನೋಡ್ತಾ ನೋಡ್ತಾ ಇಷ್ಟು ವರ್ಷವಾಯಿತು."

ಫಲಕ ಈಗ ತೋರಿಸದೆ ವಿಧಿಯಿರಲಿಲ್ಲ. ಅಡುಗೆಮನೆಯ ಮೇಜಿನ ಮೇಲೆ ಸೀರೆಯ ತುಂಡು ಬಿಚ್ಚಿದೆ. ಉರ್ಸುಲಾ ಓದಿದಳು. ಆಮೇಲೆ ಎದ್ದು ಹೋಗಿ ಕಾಫಿ ಮಾಡಿದಳು. ನಾನು ಖಾರ ಮಂಡಕ್ಕಿ ತೆಗೆದಿಟ್ಟೆ. ಒಂದು ಚಮಚ ಬಾಯಿಗೆ ಹಾಕಿಕೊಂಡು ಕಣ್ಣಲ್ಲಿ ನೀರು ತಂದುಕೊಂಡಳು. ಮಂಡಕ್ಕಿಯ ಖಾರಕ್ಕೋ ಬೇರೆಯದಕ್ಕೋ ನಾನು ಕೇಳಲಿಲ್ಲ. ಖಾಲಿಯಾಗುವವರೆಗೂ ತಿಂದಳು.

ಸ್ಮಶಾನ

ನಮ್ಮವರನ್ನು ಕೂರಿಸಿ ಮಣ್ಣು ಮಾಡುತ್ತೇವೆ. ವಿಭೂತಿ ಹಚ್ಚಿ, ಕೈಯಲ್ಲಿ ಲಿಂಗ ಇಟ್ಟು, ಬದುಕಿದ್ದಾಗ ಕಟ್ಟೆಯ ಮೇಲೆ ಕೂತಂತೆಯೇ. ಇಲ್ಲಿ ಸಾಹೇಬರು ಒಂದು ತುಪ್ಪದ ಗಡಿಗೆಯಷ್ಟು ಆಗಿದ್ದರು. ಗುಂಡಿಯೂ ಅಷ್ಟೇ, ತೆಂಗಿನ ಸಸಿ ನೆಡುವಷ್ಟು. ಯಾರೂ ಜೋರಾಗಿ ಅಳಲಿಲ್ಲ. ನಮ್ಮಲ್ಲಾದರೆ ಅತ್ತವರನ್ನು ಸಮಾಧಾನ ಮಾಡುವುದೇ ಒಂದು ಕೆಲಸವಾಗಿ ಹೊತ್ತು ಹೋಗುತ್ತದೆ. ಇಲ್ಲಿ ಪ್ರತಿಯೊಬ್ಬರೂ ತಮ್ಮ ದುಃಖವನ್ನು ತಾವೇ ಹೊತ್ತು, ಕೊಡೆಯನ್ನೂ ತಾವೇ ಹಿಡಿದು ನಡೆದರು.

ಹೆಣದ ಮುಂದೆ ಮಂಡಕ್ಕಿ ಎರಚುತ್ತಾ ಹೋಗುವುದು ನಮ್ಮ ಪದ್ಧತಿ. ಬಿಳಿ ಮಂಡಕ್ಕಿಯನ್ನು ಕೋಟಿನ ಜೇಬಿಗೆ ಸುರಿದುಕೊಂಡು, ಯಾರಿಗೂ ಕಾಣದಂತೆ ನಾಲ್ಕು ನಾಲ್ಕು ಕಾಳು ಬೀಳಿಸುತ್ತಾ ನಡೆದೆ. ಗುಂಡಿಯ ಹತ್ತಿರ ಬಂದಾಗ ಯಾರೋ ಭುಜ ತಟ್ಟಿದರು. ಹಿಂದೆ ಬರುತ್ತಿದ್ದ ಮುದುಕಿಯೊಬ್ಬರು, ನಾನು ಬೀಳಿಸಿದ ಮಂಡಕ್ಕಿಯನ್ನೆಲ್ಲ ದಾರಿಯುದ್ದಕ್ಕೂ ಹೆಕ್ಕಿ, ಅಂಗೈಯಲ್ಲಿ ಜೋಪಾನವಾಗಿ ಹಿಡಿದು, ನಿಮ್ಮದು ಬಿದ್ದಿತ್ತು ಎಂದು ಕೊಟ್ಟರು. ನಾನು ಥ್ಯಾಂಕ್ಸ್ ಹೇಳಿ ತಗೊಂಡೆ. ಗುಂಡಿಗೆ ಒಂದೊಂದು ಹಿಡಿ ಮಣ್ಣು ಹಾಕುವಾಗ ಅದನ್ನೂ ಹಾಕಿದೆ.

ಆಮೇಲೆ ಉರ್ಸುಲಾ ಫಲಕವನ್ನು ಹೂವುಗಳ ನಡುವೆ ಇಟ್ಟಳು. ಜನ ಬಗ್ಗಿ ಓದಿದರು. ಮೊದಲನೆಯವರು ನಕ್ಕರು, ಕೂಡಲೇ ಬಾಯಿಗೆ ಕೈ ಅಡ್ಡ ಹಿಡಿದರು. ಎರಡನೆಯವರೂ ನಕ್ಕರು. ನಗುವುದಾದರೆ ನನ್ನನ್ನು ನೋಡಿ ನಗಲಿ, ಹರಿಹರದವರನ್ನು ಕಂಡು ಯಾಕೆ ನಗಬೇಕು ಎನಿಸಿತು. ಮೂರನೆಯವರು ಕೋಲೂರಿಕೊಂಡು ಬಂದ ಮುದುಕರು, ಸಾಹೇಬರ ಜೊತೆ ಕೆಲಸ ಮಾಡಿದವರೆಂದು ಉರ್ಸುಲಾ ಪಿಸುಗುಟ್ಟಿದಳು. ಅವರು ನಗಲಿಲ್ಲ. ಕೋಟಿನ ಒಳಜೇಬಿನಿಂದ ಆರಿಂಚಿನ ಸ್ಟೀಲ್ ಸ್ಕೇಲು ತೆಗೆದರು. ಮಣ್ಣಿಗೆ ಬರುವಾಗಲೂ ಸ್ಕೇಲು ಇಟ್ಟುಕೊಂಡು ಬರುವ ಮನುಷ್ಯ! ಫಲಕ ಎತ್ತಿ, ಸ್ಕೇಲಿನ ಅಂಚನ್ನು ಅದರ ಮೇಲೆ ಅಡ್ಡ ನಿಲ್ಲಿಸಿ, ಆಕಾಶಕ್ಕೆ ಹಿಡಿದು, ಮಟ್ಟ ತಪ್ಪಿ ಎರಡರ ನಡುವೆ ಬೆಳಕು ನುಸುಳುತ್ತದೆಯೋ ಎಂದು ಒಂದು ಕಣ್ಣು ಮುಚ್ಚಿ ನೋಡಿದರು. ಉದ್ದಕ್ಕೆ ನೋಡಿದರು, ಅಗಲಕ್ಕೆ ನೋಡಿದರು, ಮೂಲೆಯಿಂದ ಮೂಲೆಗೆ ನೋಡಿದರು. ಹಿಂದೆ ಜನ ಸಾಲಲ್ಲಿ ಕಾಯುತ್ತಿದ್ದರು.

"ಗೆನಾವ್," ಎಂದು ಫಲಕವನ್ನು ಕೆಳಗಿಟ್ಟರು.

ಹರಿಹರಕ್ಕೆ ವಿಡಿಯೊ ಕರೆ ಮಾಡಿದೆ. ಹದಿನಾಲ್ಕು ಮಂದಿಯೂ ಒಂದು ಫೋನಿನೊಳಗೆ ತಲೆ ತುರುಕಿದ್ದರು. ಸುತ್ತಲಿನ ಜನರನ್ನೂ ತೋರಿಸಿದೆ. "ಅವರೇನು ನಗಾಕತ್ಯಾರಲ್ಲವ್ವ?" ಎಂದರು ಮಾವ. "ಖುಷಿಯಾಗೈತೆ ಮಾವ," ಎಂದೆ. ಅದು ಸುಳ್ಳಾಗಿರಲಿಲ್ಲ.

ತುಕ್ಕಿನ ವಿಷಯ ಹೇಳಿದಾಗ ಉರ್ಸುಲಾ, ವಾರಕ್ಕೊಮ್ಮೆ ಬಂದು ಎಣ್ಣೆ ಹಚ್ಚುತ್ತೇನೆಂದಳು. ಅಪ್ಪನ ಮನೆ ಖಾಲಿ ಮಾಡುವವಳಿದ್ದಳು. ನಾನು ಹೊರಡುವ ದಿನ ಸ್ಕ್ರೂಡ್ರೈವರ್ ತಂದು, ಅಂಚೆಪೆಟ್ಟಿಗೆಯ ಕೆಳಗಿನ ಪಟ್ಟಿ ಬಿಚ್ಚಿ, ಎರಡು ಸ್ಕ್ರೂ ಸಮೇತ ಲಕೋಟೆಗೆ ಹಾಕಿ ನನ್ನ ಕೈಗಿತ್ತಳು.

ಮುಂದೆ ನಾಲ್ಕು ದಿನ ಯಂತ್ರಗಳ ಪ್ರದರ್ಶನ ನೋಡಿದೆ. ಬಹಳ ದೊಡ್ಡದಿತ್ತು.

ಮತ್ತೆ ಹರಿಹರ

ಮಾವನಿಗೆ ಹೇಳುವುದೋ ಬಿಡುವುದೋ ಎಂದು ವಿಮಾನದಲ್ಲಿ ಬಂದಷ್ಟು ಹೊತ್ತೂ ತೂಗಿದೆ. ಹೇಳದಿದ್ದರೆ ಯಾರಿಗೂ ನಷ್ಟವಿರಲಿಲ್ಲ. ಆದರೆ ಅಳತೆ ತಪ್ಪಿದ ಪೀಸನ್ನು ಗೊತ್ತಿದ್ದೂ ಮೇಜಿನ ಮೇಲಿಡಬೇಡ ಎಂದು ನನಗೆ ಕಲಿಸಿದವರು ಅವರೇ. ಕಟ್ಟೆಯ ಮೇಲೆ ಅವರ ಪಕ್ಕ ಕೂತು, ರೈಲಿನಿಂದ ಹಿಡಿದು ಎಲ್ಲ ಹೇಳಿದೆ. ಲಕೋಟೆ ಮಾತ್ರ ಕೊಡಲಿಲ್ಲ.

ಮಾವ ಕನ್ನಡಕ ತೆಗೆದು ತೊಡೆಯ ಮೇಲಿಟ್ಟರು. ಮುಖ ಬಾಡಿಹೋಯಿತು.

"ನಾನೇ ಅಲ್ಲವ್ವ ಇಟ್ಟಿದ್ದು ಆ ಹೆಸ್ರು," ಎಂದರು. "ಉಳಿದೋರದು ಏನೂ ತಪ್ಪಿಲ್ಲ. ಗೇಟಿನಾಗೆ ನಿಂತಿದ್ದೋನು ನಾನು."

ಆಗ ಲಕೋಟೆ ಕೊಟ್ಟೆ. ಅಂಚೆಯವಳ ಕಥೆಯನ್ನೂ ಹೇಳಿದೆ. ಮಾವ ಪಟ್ಟಿಯನ್ನು ಅಂಗೈಯಲ್ಲಿಟ್ಟುಕೊಂಡು, ಅಂಚಿನ ಮೇಲೆ ಉಗುರು ಎಳೆದು, ಅಕ್ಷರದ ಆಳ ಬೆರಳ ತುದಿಯಿಂದ ನೋಡಿದರು. ಸಾಹೇಬರ ಕೈಕೆಲಸವೆಂದು ಅವರಿಗೆ ನಾನು ಹೇಳಬೇಕಾಗಿರಲಿಲ್ಲ.

"ನನ್ನ ಮೊದಲ್ನೇ ಪೀಸು ಹನ್ನೊಂದು ಸಲ ಡಬ್ಬಿಗೆ ಹಾಕಿದ್ರು ಪುಣ್ಯಾತ್ಮ," ಎಂದರು. "ಹನ್ನೊಂದು ಸಲ. ಕೂದ್ಲೆಳೆ ತಪ್ಪಿದ್ರೂ ಬಿಡ್ತಿರ್ಲಿಲ್ಲ. ಹೆಸ್ರು ಪೂರ್ತಿ ತಪ್ಪು ಕೊಟ್ಟೀನಿ. ಅದನ್ನ ಮಾತ್ರ ಡಬ್ಬಿಗೆ ಹಾಕ್ಲಿಲ್ಲ ನೋಡವ್ವ."

ಅಷ್ಟು ಹೇಳಿ ಅತ್ತುಬಿಟ್ಟರು. ಸಾವಿನ ಕಾಗದ ಬಂದಾಗಲೂ ಅವರು ಹಾಗೆ ಅತ್ತಿರಲಿಲ್ಲ. ನನಗೂ ಅಳು ಬಂತು.

ಕಣ್ಣೊರೆಸಿಕೊಂಡು ಕೇಳಿದರು, "ನಿಜವಾದ ಹೆಸ್ರು ಏನಂತೆ?"

"ಎರ್ವಿನ್."

"ಎರ್ವಿನ್," ಎಂದು ಒಂದು ಸಲ ಅಂದರು. ಇನ್ನೊಂದು ಸಲ ಅಂದು ನೋಡಿದರು. ತಲೆಯಾಡಿಸಿದರು. "ಬ್ಯಾಡ ಬಿಡು. ಅದು ಅವರ ಮನೆಯೋರ್ಗೆ ಇರ್ಲಿ."

ಮರುದಿನ ನಾನು ಹೋದಾಗ ಗೇಟಿನ ಕಂಬದ ಮೇಲೆ 'ಮಲ್ಲೇಶಪ್ಪ' ಎಂಬ ಹಳೇ ಬೋರ್ಡಿನ ಕೆಳಗೆ ಆ ಪಟ್ಟಿಯನ್ನು ಅದೇ ಎರಡು ಸ್ಕ್ರೂಗಳಿಂದ ಬಿಗಿಯುತ್ತಿದ್ದರು. ಮಟ್ಟ ನೋಡುವ ಗುಳ್ಳೆಯ ಕೊಳವೆ ಇಟ್ಟು ನೋಡಿ, ಬಿಚ್ಚಿ, ಮತ್ತೆ ಬಿಗಿದರು. ಅಂಚೆಯವನು ಸೈಕಲ್ ನಿಲ್ಲಿಸಿ ಇಂಗ್ಲಿಷ್ ಅಕ್ಷರಗಳನ್ನು ಕೂಡಿಸಿ ಕೂಡಿಸಿ ಓದಿದ.

"ಯಾರ್ರೀ ಇದು ಗೆನಾವ್? ಬಾಡಿಗಿಗೆ ಕೊಟ್ಟೀರೇನು?"

"ಹೂನಪ್ಪ," ಎಂದರು ಮಾವ, ಸ್ಕ್ರೂಡ್ರೈವರ್ ಜೇಬಿಗೆ ಇಟ್ಟುಕೊಳ್ಳುತ್ತಾ. "ಕಾಗದ ಬಂದ್ರೆ ವಾಪಸ್ ಕಳಿಸಬ್ಯಾಡ. ಇಲ್ಲೇ ಕೊಡು."